ಕೆಟ್ಟಿದೆ ಎಂದುಕೊಂಡ ಕಣ್ಣು

ತಂಪುಪೇಟೆ, ಕೋಲಾರದ ಹಳೆಯ ಗಣಿ
ಬೇಗೆ ತಿಂಗಳ ನಲವತ್ತೊಂದನೆಯ ದಿನ, ೨೩೮೧

ನಿಮ್ಮ ಕಾಲದಲ್ಲಿ ಬೆಳಕಿನ ಪಾಠ ಹೇಳುತ್ತಿರುವ ಗುರುಗಳಿಗೆ ರೂತಮ್ಮ ಮಾಡುವ ವಂದನೆಗಳು.

ಬೇಗೆ ಎಂಬ ತಿಂಗಳು ನಿಮ್ಮ ಪಂಚಾಂಗದಲ್ಲಿಲ್ಲ. ಬಿಸಿಲು ಬೆಳೆದಂತೆ ವೈಶಾಖ ಜ್ಯೇಷ್ಠಗಳ ನಡುವೆ ನಾವು ಸೇರಿಸಿಕೊಂಡ ಐವತ್ತೆರಡು ದಿನಗಳಿವು. ಆಗ ಊರಿಗೆ ಊರೇ ಗಣಿಗಿಳಿದು, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿಕೊಂಡು ಬದುಕುತ್ತದೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ಹೋದ ವಾರ ಏಳನೆಯ ಸುರಂಗ ಕುಸಿದು ಐದು ಜನ ಆಚೆ ಸಿಕ್ಕಿಕೊಂಡರು. ಅವರಲ್ಲಿ ನನ್ನ ಗಂಡ ಎಲೀಷ ಇದ್ದರು, ನನ್ನ ತಂಗಿ ಶಲೋಮಿಯ ಗಂಡ ಚಿನ್ನಪ್ಪ ಇದ್ದರು. ಅಡ್ಡಬಿದ್ದ ಬಂಡೆಯಲ್ಲಿ ಒತ್ತೊತ್ತಾಗಿ ಕೂದಲೆಳೆಯಂಥ ಎರಡು ಬಿರುಕುಗಳಿದ್ದವು. ಎರಡೂ ಆಚೆಯವರೆಗೆ ತೆರೆದಿದ್ದರೆ ಬಂಡೆಯ ಮೇಲೆ ಭಾರವಿಲ್ಲ, ಎಳೆಯಬಹುದು. ಒಂದು ಮುಚ್ಚಿದ್ದರೂ ಎಳೆದರೆ ಚಾವಣಿ ಬೀಳುತ್ತದೆ.

ಒಳಗಿನವರ ಬಳಿ ಕಾಳುದೀಪವಿತ್ತು. ಅದು ಬೆಳಕನ್ನು ಒಂದೊಂದೇ ಕಾಳಾಗಿ ಬಿಡುವ ದೀಪ. ಅವರು ಅದನ್ನು ಬಿರುಕಿನತ್ತ ಹಿಡಿದರು, ಈಚೆ ನಾವು ಬೆಳಕು ತಾಗಿದಲ್ಲಿ ಗುರುತು ಉಳಿಯುವ ಹಲಗೆ ನಿಲ್ಲಿಸಿದೆವು. ಒಂದೊಂದು ಕಾಳೂ ಒಂದೊಂದು ಚುಕ್ಕೆಯಾಗಿ ಬಿತ್ತು. ಗಂಟೆಯೊಳಗೆ ಆ ಚುಕ್ಕೆಗಳು ಸೇರಿ ಬೆಳಕಿನದೊಂದು, ಕತ್ತಲಿನದೊಂದು ಪಟ್ಟೆಗಳಾದವು, ಕೆರೆಯಲ್ಲಿ ಎರಡು ಅಲೆ ಬೆರೆತ ಹಾಗೆ. ಒಂಟಿ ಕಾಳು ಯಾವುದರೊಡನೆ ಬೆರೆಯಿತು? ಎರಡೂ ಬಿರುಕುಗಳಲ್ಲಿ ತಾನೇ ಹಾದು ತನ್ನೊಡನೆ ತಾನೇ ಬೆರೆಯಿತೆ? ಹೊರಡುವಾಗ ಕಾಳು, ಮುಟ್ಟುವಾಗ ಕಾಳು. ನಡುದಾರಿಯಲ್ಲಿ ಏನೆಂದು ನಮಗೂ ಗೊತ್ತಿಲ್ಲ. ಪಟ್ಟೆ ಮೂಡಿದರೆ ಎರಡೂ ದಾರಿ ತೆರೆದಿವೆ ಎಂಬುದಷ್ಟೇ ಗೊತ್ತು.

ಮೇಸ್ತ್ರಿ ಸಂಪಂಗಿ ಸರಪಳಿ ತರಲು ಹೋದರು. ಪಟ್ಟೆಯೊಂದನ್ನೇ ನಂಬಲು ನನಗೆ ಧೈರ್ಯ ಸಾಲಲಿಲ್ಲ. ಕಾಳು ಯಾವ ಬಿರುಕಿನಿಂದ ಬಂತೆಂದು ಗುರುತಿಸುವ ಎಣಿಗಣ್ಣನ್ನು ಎಡ ಬಿರುಕಿನ ಬಾಯಿಗಿಟ್ಟೆ. ಅದರ ಪರದೆ ಒಡೆದಿತ್ತು, ಏನೂ ಕಾಣಲಿಲ್ಲ. ಕೆಟ್ಟಿದೆ ಎಂದು ಅಲ್ಲೇ ಬಿಟ್ಟೆ.

ಎಳೆಯುವ ಮುನ್ನ ಹೊಸ ಹಲಗೆಯಿಟ್ಟು ಇನ್ನೊಮ್ಮೆ ನೋಡುವುದು ನಿಯಮ. ಈ ಸಲ ಪಟ್ಟೆ ಮೂಡಲಿಲ್ಲ, ಹಿಟ್ಟು ಚೆಲ್ಲಿದಂತೆ ಬರೀ ಮಂಕು. ಬಿರುಕು ಮುಚ್ಚಿತೆಂದು ಸಂಪಂಗಿ ಕೆಲಸ ನಿಲ್ಲಿಸಿ, ಎಲ್ಲರನ್ನೂ ಬೇರೆ ಕಡೆಯಿಂದ ಅಗೆಯಲು ಕಳಿಸಿದರು. ಮೂರು ಗಂಟೆ ಹೋಯಿತು. ಶಲೋಮಿ ನನ್ನ ಕೈ ಬಿಡದೆ ಕೂತಿದ್ದಳು.

ಅವಳು ನೀರಿಗೆಂದು ಎದ್ದಾಗ, ಹಲಗೆ ಓದುವುದರಲ್ಲಿ ನಮಗೆಲ್ಲ ಹಿರಿಯರಾದ ಮುನಿಚೌಡಮ್ಮ ಬಂದರು. ಬಿರುಕಿನ ಬಳಿ ಬಗ್ಗಿ ನೋಡಿ ನನ್ನತ್ತ ತಿರುಗಿದರು.

"ಈ ಕಣ್ಣು ಯಾರಮ್ಮ ಇಕ್ಕಿದ್ದು?"

"ನಾನೇ ದೊಡ್ಡಮ್ಮ. ಅದು ಕೆಟ್ಟೋಗೈತೆ. ಯಾರೂ ಏನೂ ನೋಡ್ಲಿಲ್ಲ."

"ನಾವ್ ನೋಡ್ದಿದ್ರೇನು, ಅದು ನೋಡ್ತಾ ಐತಲ್ಲ. ಕಾಳು ಬಂದ ದಾರಿ ಗುರುತಾದ್ರೆ ಪಟ್ಟೆ ಮೂಡಾಕಿಲ್ಲ. ಕೆಟ್ಟಿರೋದು ಪರದೆ, ಕಣ್ಣಲ್ಲ. ತೆಗಿ."

ತೆಗೆದೆ. ಹಲಗೆ ಬದಲಿಸಿ ಕಾದೆವು. ಚುಕ್ಕೆಗಳು ಬೀಳುತ್ತ ಬೀಳುತ್ತ ನಿಧಾನವಾಗಿ ಪಟ್ಟೆ ಕಟ್ಟಿದವು. ಸಂಪಂಗಿ ಸರಪಳಿ ಬಿಗಿದು ಬಂಡೆ ಎಳೆಸಿದರು. ಚಾವಣಿ ಅಲುಗಲಿಲ್ಲ. ಎಲೀಷ ಮತ್ತೆ ಮೂವರು ತೆವಳಿಕೊಂಡು ಬಂದರು. ಚಿನ್ನಪ್ಪನವರನ್ನು ಎತ್ತಿಕೊಂಡು ಬರಬೇಕಾಯಿತು. ಉಬ್ಬಸವಿದ್ದ ಅವರಿಗೆ ಅಲ್ಲಿದ್ದ ಗಾಳಿ ಸಾಲಲಿಲ್ಲ. ಉಸಿರು ನಿಂತಿತ್ತು, ಮೈ ಇನ್ನೂ ಬೆಚ್ಚಗಿತ್ತು.

ನಾನಿಟ್ಟ ಎಣಿಗಣ್ಣಿನ ಸಂಗತಿಯನ್ನು ಮುನಿಚೌಡಮ್ಮ ಯಾರಿಗೂ ಹೇಳಲಿಲ್ಲ. ಶಲೋಮಿ ದಿನವೂ ಬಂದು, ಬದುಕಿ ಬಂದ ನನ್ನ ಗಂಡನಿಗೆ ಗಂಜಿ ಕೊಟ್ಟು ಹೋಗುತ್ತಾಳೆ.

ಬೆಳಕು ಅಲೆಯೂ ಹೌದು, ಕಣವೂ ಹೌದು ಎಂದು ಬರೆದು ಶಾಲೆಯಲ್ಲಿ ನಾನು ಪೂರ್ತಿ ಅಂಕ ತೆಗೆದಿದ್ದೆ. ನಿಮ್ಮ ಮಕ್ಕಳಿಗೆ ಆ ಸಾಲನ್ನು ಬಾಯಿಪಾಠ ಮಾಡಿಸಬೇಡಿ. ಪಟ್ಟೆ ಮೂಡುವುದನ್ನು, ಅಳಿಯುವುದನ್ನು ಕೂರಿಸಿ ತೋರಿಸಿ. ಅಳಿಸಿದವರು ಯಾರೆಂದು ಅವರೇ ಹೇಳುವ ತನಕ ಬಿಡಬೇಡಿ.

ಹೊರಗೆ ತಂಗಿಯ ಹೆಜ್ಜೆ ಕೇಳುತ್ತಿದೆ. ಇವತ್ತು ಅವಳಿಗೆ ಹೇಳುತ್ತೇನೆ. ಅಪ್ಪಣೆ ಕೊಡಿ.