ಅಕ್ಕನ ಬಾಯಲ್ಲಿ ನೀವು ಕೂರಿಸಿದ ಬ್ಯಾಟರಿ

ಸಾರ್ವಜನಿಕ ಆಸ್ಪತ್ರೆಯ ದಂತ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ವಿಭಾಗ ನನ್ನ ಅಕ್ಕನ ಬಾಯಲ್ಲಿ ಒಂದು ಬ್ಯಾಟರಿ ಕೂರಿಸಿ ಕಳಿಸಿದೆ. ದಯವಿಟ್ಟು ತೆಗೆದುಕೊಡಿ ಎಂದು ಕೇಳಿದ್ದಕ್ಕೆ, ‘ಲೋಹವು ಜಡವಾದುದು, ತೊಂದರೆ ರೋಗಿಯ ಮನಸ್ಸಿನಲ್ಲಿದೆ’ ಎಂದು ನಿಮ್ಮ ಸಹಿ ಹೊತ್ತ ಉತ್ತರ ಬಂದಿದೆ. ಮೆಲ್ಲಗೆ ಕೇಳಿದವರಿಗೆ ಇಂಥ ಉತ್ತರ ಸಿಗುವುದಾದರೆ ಊರೆದುರಿಗೇ ಕೇಳುವುದು ಮೇಲು ಅನ್ನಿಸಿತು. ಕೇಳುತ್ತಿದ್ದೇನೆ.

ಅಕ್ಕ ಚಹಾ ಕಾರ್ಖಾನೆಯಲ್ಲಿ ರುಚಿ ನೋಡುವವಳು. ಅವಳ ಕೋಣೆಯಲ್ಲಿ ಉದ್ದನೆಯ ಬಿಳಿ ಮೇಜು, ಅದರ ಮೇಲೆ ಹಿಡಿಯಿಲ್ಲದ ಬಿಳಿ ಬಟ್ಟಲುಗಳ ಸಾಲು, ಪ್ರತಿ ಬಟ್ಟಲಿನ ಮುಂದೆ ಒಂದು ಚಿಟಿಕೆ ಒಣ ಎಲೆ. ಚಮಚ ಅದ್ದಿ ‘ಸುರ್ರ್’ ಎಂದು ಎಳೆಯಬೇಕು, ಬಾಯಿ ತುಂಬ ಆಡಿಸಬೇಕು, ಪಕ್ಕದಲ್ಲಿರುವ ಗಾಲಿ ಹಚ್ಚಿದ ಪೀಕದಾನಿಗೆ ಉಗಿಯಬೇಕು, ಮುಂದಿನ ಬಟ್ಟಲಿಗೆ ಸರಿಯಬೇಕು. ಸದ್ದು ಮಾಡದೆ ಎಳೆದರೆ ಗಾಳಿ ಬೆರೆಯದು, ಗಾಳಿ ಬೆರೆಯದೆ ಘಮ ಮೂಗಿಗೇರದು. ಚಿಕ್ಕವಳಿದ್ದಾಗ ಹಾಲನ್ನು ಹೀಗೇ ಸದ್ದು ಮಾಡಿ ಎಳೆದು ಕುಡಿದದ್ದಕ್ಕೆ ಅಮ್ಮನಿಂದ ತಲೆಗೆ ಮೊಟಕಿಸಿಕೊಂಡವಳು, ದೊಡ್ಡವಳಾಗಿ ಅದಕ್ಕೇ ಸಂಬಳ ಎಣಿಸಿದಳು. ‘ನೋಡಮ್ಮಾ, ನಿನ್ನ ಬೈಗುಳ ದಂಡ ಆಯ್ತು’ ಎಂದು ಅಮ್ಮ ಇರುವತನಕ ಕಿಚಾಯಿಸುತ್ತಿದ್ದಳು.

ಇಂಥವಳು ಮುರಿದ ದವಡೆ ಹಲ್ಲು ಹಿಡಿದುಕೊಂಡು ನಿಮ್ಮಲ್ಲಿಗೆ ಬಂದಳು. ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ಹೊಳೆಯುವ ಕ್ಯಾಪು ತೊಡಿಸಿದಿರಿ. ಕೆಲಸ ಅಚ್ಚುಕಟ್ಟು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಹಲ್ಲಿಗೆ ತಾಗಿಕೊಂಡೇ ಇರುವ ಹಲ್ಲಿನಲ್ಲಿ ಬೆಳ್ಳಿ, ತವರ, ತಾಮ್ರಗಳನ್ನು ಪಾದರಸದಲ್ಲಿ ಕಲಸಿ ತುಂಬಿದ ಹಳೆಯ ಭರ್ತಿ ಇತ್ತು. ತುಂಬಿದ್ದೂ ನಿಮ್ಮದೇ ವಿಭಾಗ. ದೀಪ ಹಚ್ಚಿ, ಕನ್ನಡಿ ಇಟ್ಟು, ಬಾಯಿ ‘ಆ’ ಅನ್ನಿಸಿ ಅಷ್ಟು ಹೊತ್ತು ನೋಡಿದಿರಲ್ಲ, ನೋಡಿದ್ದಾದರೂ ಏನನ್ನು?

ಆಮೇಲೆ ನಡೆದದ್ದನ್ನು ನೆನೆದರೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ. ಮರುವಾರ ಅಕ್ಕ ಒಂದಿಡೀ ಸರಕನ್ನು ತಿರಸ್ಕರಿಸಿದಳು. ‘ತುಕ್ಕಿನ ರುಚಿ ಇದೆ, ಹೊರಗೆ ಕಳಿಸಬೇಡಿ’ ಅಂದಳು. ಇಷ್ಟು ವರ್ಷ ತಪ್ಪದ ನಾಲಿಗೆ ಹೇಳಿದ ಮೇಲೆ ಮುಗಿಯಿತು, ಕಾರ್ಖಾನೆಯಲ್ಲಿ ಯಾರೂ ಮರುಮಾತಾಡಲಿಲ್ಲ. ಕೆಟಲು ಬದಲಾಯಿತು. ಕೊಳವೆ ಕಳಚಿದರು. ತೊಟ್ಟಿ ಬರಿದು ಮಾಡಿ ಉಜ್ಜಿದರು. ಬಾಯ್ಲರಿನವರು ಅದರೊಳಗೇ ಇಳಿದು ಕೆರೆದು, ಮಸಿ ಮೋರೆಯಲ್ಲಿ ಮೇಲೆ ಬಂದು, ‘ಅಕ್ಕಾ, ಈಗ ಇದ್ರಲ್ಲಿ ಮುಖ ನೋಡ್ಕೊಂಡು ಗಡ್ಡ ಹೆರ್ಕೋಬಹುದು. ಇನ್ನೂ ತುಕ್ಕು ಅಂದ್ರೆ ನನ್ನೇ ಕೆರೀಬೇಕು’ ಅಂದರು. ಅಕ್ಕ ಚಮಚ ಅದ್ದಿದಳು, ಎಳೆದಳು, ಉಗಿದಳು. ತುಕ್ಕು!

ಆ ಭಾನುವಾರ ನಮ್ಮ ಮನೆಗೆ ಬಂದವಳು ಒಂದು ಲೋಟ ನೀರು ಕುಡಿದು, ‘ನಿಮ್ಮನೆ ನೀರಲ್ಲೂ ತುಕ್ಕು ಕಣೋ’ ಅಂದಳು. ನನ್ನ ಹೆಂಡತಿ ನಗುತ್ತಲೇ, ‘ಅತ್ತಿಗೆ, ತುಕ್ಕು ಊರಿಗೆಲ್ಲ ಹಿಡಿದಿದ್ಯೋ, ನಿಮ್ಮ ಬಾಯಿಗೆ ಹಿಡಿದಿದ್ಯೋ?’ ಅಂದಳು. ತಮಾಷೆಗೆ ಅಂದದ್ದು. ಅಕ್ಕ ಮೆಲ್ಲಗೆ ಕೆನ್ನೆ ಮುಟ್ಟಿಕೊಂಡಳು.

ಮಾನ್ಯರೇ, ನಾನು ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಓದಿ, ಈಗ ಚಹಾ ಪೊಟ್ಟಣದ ಬೆನ್ನಿಗೆ ‘ಕುದಿಸಿ ಕುಡಿಯಿರಿ, ಕುಳಿತು ಕುಡಿಯಿರಿ’ ಎಂಬಂಥ ಪ್ರಾಸ ಬರೆದು ಬದುಕುವವನು. ಆದರೂ ಅಯಾನುಗಳಿಗೆ ಭಾಷಾಭೇದ ಇದ್ದಂತಿಲ್ಲ. ಎರಡು ಬೇರೆ ಬೇರೆ ಲೋಹ ಒಂದನ್ನೊಂದು ತಾಗಿರಬೇಕು, ಎರಡೂ ಉಪ್ಪು ಕರಗಿದ ದ್ರವದಲ್ಲಿ ನೆನೆದಿರಬೇಕು; ಇಷ್ಟಾದರೆ ವಿದ್ಯುತ್ಕೋಶ ತಯಾರು ಎಂದು ಹೈಸ್ಕೂಲಿನಲ್ಲೇ ಓದಿದ್ದೆವು. ಜೊಲ್ಲು ಅಂಥದೇ ದ್ರವ. ಎರಡರಲ್ಲಿ ಸುಲಭಕ್ಕೆ ಸೋಲುವ ಲೋಹ ಕಣಕಣವಾಗಿ ಕರಗಿ ಜೊಲ್ಲಿಗಿಳಿಯುತ್ತದೆ, ನಾಲಿಗೆಗೆ ಅದೇ ತುಕ್ಕಿನ ರುಚಿ. ಎಲ್ಲರ ಬಾಯಲ್ಲೂ ಹೀಗಾಗದು, ನಿಜ. ಬಹಳ ಮಂದಿಗೆ ದಿನ ಕಳೆದಂತೆ ಲೋಹದ ಮೈಮೇಲೆ ತೆಳು ಪೊರೆ ಕಟ್ಟಿ ಕರಗುವುದು ನಿಲ್ಲುತ್ತದೆ, ಅದೂ ನಿಜ. ಆದರೆ ಬೆಳಗಿನಿಂದ ಸಂಜೆವರೆಗೆ ಬಿಸಿಬಿಸಿ, ತುಸು ಹುಳಿ ಗುಣದ ಚಹಾದಿಂದ ಬಾಯಿ ಮುಕ್ಕಳಿಸುವವಳಿಗೆ ಪೊರೆ ಕಟ್ಟಲು ಪುರಸೊತ್ತೆಲ್ಲಿ? ನಿಮ್ಮ ಲೋಹ ಶೋಕೇಸಿನಲ್ಲಿ ಜಡವಾಗಿರಬಹುದು. ಬಾಯಿ ಶೋಕೇಸಲ್ಲ. ಅಲ್ಲಿ ಬಿಸಿಯಿದೆ, ಹುಳಿಯಿದೆ, ಉಪ್ಪಿದೆ, ಅಗಿತವಿದೆ. ಅಲ್ಲಿಗೆ ಹೋದ ಯಾವ ಪದಾರ್ಥವೂ ಸುಮ್ಮನೆ ಕೂರುವುದಿಲ್ಲ. ಈ ಇಡೀ ಪ್ರಕರಣದಲ್ಲಿ ಜಡವಾಗಿ ಕೂತದ್ದು ಒಂದೇ, ಅದು ನಿಮ್ಮ ಕಚೇರಿ.

ನಿಮ್ಮಲ್ಲೂ ಕೇಳಿಸಿಕೊಳ್ಳುವವರೊಬ್ಬರಿದ್ದರು. ಈ ಅನುಮಾನ ಹೊತ್ತು ನಾನೂ ಅಕ್ಕನೂ ಬಂದ ದಿನ ಪಾಳಿಯಲ್ಲಿದ್ದ ಕಿರಿಯ ವೈದ್ಯೆ, ‘ನೋಡೇಬಿಡೋಣ’ ಎಂದು ಕ್ಯಾಪಿಗೂ ಭರ್ತಿಗೂ ವಿದ್ಯುತ್ ಹರಿಯದ ವಾರ್ನಿಷ್ ಬಳಿದು ಒಣಗಿಸಿ, ಹೊರಗೆ ಕೂರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಅಕ್ಕ ನಿಮ್ಮ ಕಾರಿಡಾರಿನ ಯಂತ್ರದಿಂದ ಒಂದು ಕಾಗದದ ಲೋಟ ಚಹಾ ಹಿಡಿದು ‘ಸುರ್ರ್’ ಅಂದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. ಅಕ್ಕನ ಕಣ್ಣು ತುಂಬಿತು. ‘ಥೂ! ಎಂಥಾ ದರಿದ್ರ ಚಹಾ ಕಣೋ! ಮುಗ್ಗಿದ ಪುಡಿ, ಮೇಲಿಂದ ಎರಡ್ ಸಲ ಕುದಿಸಿದಾರೆ!’ ಅಷ್ಟು ಖುಷಿಯಿಂದ ಯಾರೂ ನಿಮ್ಮ ಆಸ್ಪತ್ರೆಯ ಚಹಾವನ್ನು ಬೈದಿರಲಿಕ್ಕಿಲ್ಲ.

ವಾರ್ನಿಷ್ ಎಷ್ಟು ದಿನ ನಿಂತೀತು? ಸವೆಯಿತು, ತುಕ್ಕು ಮರಳಿತು. ಕಿರಿಯ ವೈದ್ಯೆ ಕ್ಯಾಪು ತೆಗೆದು ಪಿಂಗಾಣಿಯದು ಹಾಕೋಣ ಎಂದರು. ನಿಮ್ಮ ಹಿರಿಯ ವೈದ್ಯರು ಒಪ್ಪದೆ ಅಕ್ಕನತ್ತ ತಿರುಗಿದರು.

‘ಕ್ಯಾಪು ಚೆನ್ನಾಗೇ ಕೂತಿದ್ಯಲ್ಲಮ್ಮಾ. ಎಲ್ರಿಗೂ ಇದನ್ನೇ ಹಾಕೋದು. ಯಾರೂ ಹೀಗೆ ರಾಗ ಎಳೆದಿಲ್ಲ.’

‘ಎಲ್ರೂ ನಾಲಿಗೆಯಿಂದ ಹೊಟ್ಟೆ ಹೊರೆಯಲ್ಲ, ಡಾಕ್ಟ್ರೇ.’

‘ನಿಮ್ಮ ನಾಲಿಗೆ ಏನು, ಪ್ರಯೋಗಾಲಯಾನಾ?’

‘ಹೌದು. ಅದಕ್ಕೇ ಸಂಬಳ ಕೊಡ್ತಾರೆ.’

ಹಿರಿಯರು ಮುಂದಿನ ರೋಗಿಯನ್ನು ಕರೆದರು. ನಾವು ನಿಮಗೆ ಬರೆದೆವು. ನೀವು ಅಕ್ಕನ ಮನಸ್ಸಿನ ರೋಗ ಪತ್ತೆಹಚ್ಚಿದಿರಿ, ಅದೂ ಅವಳ ಮುಖ ನೋಡದೆ! ಹಲ್ಲಿನ ವೈದ್ಯರು ಮನಸ್ಸಿಗೂ ಮದ್ದು ಅರೆಯುತ್ತಾರೆಂದು ನಮಗೆ ತಿಳಿದಿರಲಿಲ್ಲ. ಅವಳ ಮಾತು ಕೇಳಿ ಬಾಯ್ಲರಿಗೇ ಇಳಿದವರಿದ್ದಾರೆ. ಅವಳ ಬಾಯೊಳಗೆ ಒಂದು ಸಲ ಬಗ್ಗಿ ನೋಡಲು ನಿಮಗೇನು ಅಡ್ಡಿ? ಹಲ್ಲು ಉಳಿಯಿತು, ನಾಲಿಗೆ ಅಳಿಯಿತು, ಕಡತ ಮುಗಿಯಿತು. ಪ್ರಾಸ ಕೂಡಿದೆ, ನ್ಯಾಯ ಕೂಡಿಲ್ಲ.

ತಿಂಗಳ ಕೊನೆಗೆ ಕಾರ್ಖಾನೆಯಲ್ಲಿ ಅಕ್ಕನಿಗೆ ಪರೀಕ್ಷೆ. ಯಾವ ಬಟ್ಟಲಲ್ಲಿ ಯಾವ ಚಹಾ ಎಂದು ಹೇಳದೆ ಸಾಲು ಇಡುತ್ತಾರೆ, ಅವಳು ಗುರುತಿಸಬೇಕು. ತಪ್ಪಿದರೆ ಪೊಟ್ಟಣ ಕಟ್ಟುವ ವಿಭಾಗಕ್ಕೆ, ಮತ್ತೆ ಹಿಂದಿರುಗುವ ಮಾತಿಲ್ಲ. ‘ನಿಮ್ಮನ್ನ ನಂಬಲ್ಲ ಅಂತಲ್ಲ ಅಕ್ಕಾ’ ಎಂದು ಮ್ಯಾನೇಜರು ತಲೆ ತಗ್ಗಿಸಿಯೇ ಹೇಳಿದರಂತೆ. ಅವರಿಗೆ ಆ ಸಂಕೋಚವಾದರೂ ಇತ್ತು.

ಆದ್ದರಿಂದ ಅದಕ್ಕೂ ಮೊದಲೇ ಆ ಕ್ಯಾಪನ್ನು ತೆಗೆದು ಪಿಂಗಾಣಿಯದನ್ನು ಹಾಕಿಕೊಡಿ. ‘ಮನಸ್ಸಿನಲ್ಲಿದೆ’ ಎಂದು ಬರೆದದ್ದನ್ನು ನಿಮ್ಮ ಕೈಯಾರೆ ಹೊಡೆದುಹಾಕಿ. ಇನ್ನು ಮುಂದೆ ಯಾರ ಬಾಯಿಗಾದರೂ ಲೋಹ ಇಡುವ ಮೊದಲು ಪಕ್ಕದಲ್ಲಿ ಯಾವ ಲೋಹ ಇದೆ ಎಂದು ನೋಡಿ. ನೋಡುವುದಕ್ಕೆ ದೀಪವೂ ಕನ್ನಡಿಯೂ ನಿಮ್ಮ ಕೈಯಲ್ಲೇ ಇವೆ.

ನಿನ್ನೆ ಸಂಜೆ ಅಕ್ಕ ಮನೆಗೆ ಬಂದಿದ್ದಳು. ಹೆಂಡತಿ ಚಹಾ ಕೊಟ್ಟಳು. ಲೋಟ ಖಾಲಿಯಾದದ್ದೇ ನಮಗೆ ತಿಳಿಯಲಿಲ್ಲ. ಅಮ್ಮ ಎಷ್ಟು ಮೊಟಕಿದರೂ ಕಲಿಯದವಳು ಈಗ ಸದ್ದಿಲ್ಲದೆ ಕುಡಿಯುವುದನ್ನು ಕಲಿತಿದ್ದಾಳೆ. ನಮಗೆ ಆ ಸದ್ದು ವಾಪಸು ಬೇಕು.

ಇಂತಿ,
ನಿಮ್ಮ ವಿಧೇಯನಾಗಿ ಉಳಿಯಲಾರದ,
ಹಲ್ಲು ಕಚ್ಚಿ ಕಾಯುತ್ತಿರುವ
ಒಬ್ಬ ಅಕ್ಕನ ತಮ್ಮ