ನೋರೀನ್ ಉಸಿರೆಳೆದ ಜಾಗ

೧೪ ನವೆಂಬರ್ ೨೦೦೨, ಗುರುವಾರ. ಹೆಡಿಂಗ್ಲೀ

ಇವತ್ತಿನ ಅಭ್ಯಾಸದಲ್ಲೂ ಅದೇ ತಪ್ಪು ಮಾಡಿದೆ. ಶನಿವಾರ ಚರ್ಚ್ ಹಾಲಿನಲ್ಲಿ ಕಾರ್ಯಕ್ರಮ. ಪಿಯಾನೊ, ಪಿಟೀಲು, ಚೆಲ್ಲೊ ಎಂಬ ದೊಡ್ಡ ಪಿಟೀಲಿಗೆ ಬೀಥೋವನ್ ಹೊಂದಿಸಿದ ಐರಿಷ್ ಜನಪದ ಹಾಡುಗಳು. ಹಾಡುವವಳು ಪಕ್ಕದ ಮನೆಯ ಐರಿಷ್ ಮುದುಕಿ ನೋರೀನ್, ಪಿಟೀಲು ನನ್ನದು.

ಹಾಳೆಯ ಮೇಲಿನ ಸ್ವರಲಿಪಿ ಓದಲು ನನಗೆ ಬರುತ್ತದೆ. ಆದರೆ ಹಾಡುವವರು ಬಾಯಿ ತೆರೆದರೆ ಸಾಕು, ಕಣ್ಣು ಹಾಳೆ ಬಿಟ್ಟು ಅವರ ಮುಖಕ್ಕೆ ಹೋಗುತ್ತದೆ. ಮೈಸೂರಿನಲ್ಲಿ ಪಿಟೀಲು ಮೇಷ್ಟ್ರು ಹನ್ನೆರಡು ವರ್ಷ ಕಲಿಸಿದ್ದೇ ಹಾಡುವವರ ಹಿಂದೆ ಹೋಗುವುದನ್ನು. ಎರಡನೇ ಹಾಡಿನ ಮೂರನೇ ಸಾಲಿನಲ್ಲಿ ನೋರೀನ್ ತಡೆದು ನಿಂತಳು, ನಾನೂ ನಿಂತೆ. ಚೆಲ್ಲೊ ಮುಂದೆ ಹೋಗಿ ಎಲ್ಲ ಕಲಸಿಹೋಯಿತು.

"ಡಾಕ್ಟರ್, ಅವಳಿಗೆ ಕಾಯಬೇಡಿ, ಹಾಳೆ ನೋಡಿ," ಅಂದ ಚೆಲ್ಲೊ ನುಡಿಸುವ ಕೀತ್, ಪೆನ್ಸಿಲ್ ಕುಟ್ಟುತ್ತಾ. ನನಗೆ ಮೈಯೆಲ್ಲ ಉರಿಯಿತು. ನೋರೀನ್ ಮಾತ್ರ ನಕ್ಕು, ಕುರ್ಚಿಯ ಬೆನ್ನು ಹಿಡಿದುಕೊಂಡಳು.

ಮನೆಗೆ ಬಂದು ನನ್ನ ಗಂಡ ಶ್ರೀವತ್ಸನಿಗೆ ಹೇಳಿದರೆ, "ಅಲ್ವೇ, ಯಾವಾಗ್ಲೂ ಅಲ್ಲೇ ಯಾಕೆ ನಿಂತ್ಕೋತೀಯ? ಬೇರೆ ಕಡೆ ಸರಿಯಾಗೇ ಬಾರಿಸ್ತೀಯಲ್ಲ" ಅಂದ.

ಆ ಪ್ರಶ್ನೆಯೇ ಈಗ ನಿದ್ದೆ ಕೆಡಿಸಿದೆ. ಆ ಸಾಲಿನ ನಡುವೆ ಅವಳು ಉಸಿರೆಳೆದುಕೊಳ್ಳುತ್ತಾಳೆ. ಹೋದ ತಿಂಗಳು ಇಡೀ ಸಾಲನ್ನು ಒಂದೇ ಉಸಿರಿಗೆ ಹಾಡುತ್ತಿದ್ದಳು. ಹೋದ ವಾರ ಒಂದು ಸಲ ನಿಂತಳು, ಇವತ್ತು ಎರಡು ಸಲ. ಬೂಟಿನ ಲೇಸೂ ಕಟ್ಟಿರಲಿಲ್ಲ. ಕಾಲು ಊದಿರಬೇಕು. ಇದು ಹೃದಯ ಸೋಲುವ ಲಕ್ಷಣ.

ಪಿಟೀಲು ಹಿಡಿದ ನನ್ನ ಕೈಗೆ ಅದು ಗೊತ್ತಾಗಿತ್ತು. ಡಾಕ್ಟರಾದ ನಾನು ಹಾಳೆಯ ಚಿಂತೆಯಲ್ಲಿದ್ದೆ.

ಗೋಡೆಯಾಚೆ ಅವಳ ಕೆಮ್ಮು ಕೇಳಿಸುತ್ತಿದೆ. ಇನ್ನೂ ಮಲಗಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿರಬೇಕು, ಕೂತೇ ಇದ್ದಾಳೆ. ನಾನ್ಯಾಕೆ ಬೆಳಗಾಗಲಿ ಅಂತ ಇಲ್ಲಿ ಬರೆಯುತ್ತಾ ಕೂತಿದ್ದೇನೆ, ಈಗಲೇ ಹೋಗಬೇಕು, ನನ್ನ ಕೋಟು ಎಲ್ಲಿ