ಅಬೀಶಾಯ್‌ಗೆ ತಿಳಿಯದ ಹೆಸರು

ತೊಲೇದೊ, ದ್ರಾಕ್ಷಿ ಕೊಯ್ಲಿನ ವಾರ

ಅಕ್ಕಾ, ನನ್ನ ಕೆಮ್ಮು ನಿಂತಿದೆ.

ಪ್ರಾಣಿಗಳ ಬಗೆಗಿನ ಹಳೆಯ ಗ್ರೀಕ್ ಗ್ರಂಥದ ಅರಬಿ ಅನುವಾದವನ್ನು ಮುದುಕ ಅಬೀಶಾಯ್ ಓದಿ ಹೇಳುತ್ತಾನೆ, ಪಾದ್ರಿ ಲ್ಯಾಟಿನ್ನಿನಲ್ಲಿ ಬರೆಯುತ್ತಾನೆ, ನಾನು ಚಿತ್ರ ಬಿಡಿಸುತ್ತೇನೆ. ನಿನ್ನೆ ಬಂದ ಒಂದು ಕಡಲಜೀವಿಯ ಅರಬಿ ಹೆಸರು ಯಾವುದರದೆಂದು ಅಬೀಶಾಯ್‌ಗೂ ತಿಳಿಯಲಿಲ್ಲ.

"ಯಾವುದೋ ಮೀನು ಅಂತ ಬರ್ಕೊಳ್ಲಾ?" ಎಂದ ಪಾದ್ರಿ.

"ಬ್ಯಾಡ ಸ್ವಾಮಿ, ಗೊತ್ತಿಲ್ದೆ ಸುಳ್ಳು ಹೇಳಲ್ಲ. ಅರಬಿ ಹೆಸ್ರೇ ಇರ್ಲಿ."

ಇಷ್ಟು ಓದಿದವನು 'ಗೊತ್ತಿಲ್ಲ' ಎಂದನಲ್ಲ, ನಾನು ಮನಸೋತೆ. ಗ್ರಂಥದಲ್ಲಿ 'ಗಟ್ಟಿ ಚಿಪ್ಪು' ಎಂದಷ್ಟೇ ಇತ್ತು. ನಾನು ಗುರಾಣಿ ಹಿಡಿದ, ಮೀನಿನ ಬಾಲದ ಯೋಧನನ್ನೇ ಬಿಡಿಸಿಬಿಟ್ಟೆ. ಚರ್ಮದ ಹಾಳೆ ಕೆಡಿಸಿದೆನೆಂದು ಹೆದರಿ ನಿಂತಿದ್ದೆ. ಅಬೀಶಾಯ್ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನಕ್ಕ.

"ಇಂಥದ್ದು ಯಾವ ಕಡಲಲ್ಲೂ ಇರ್ಲಿಲ್ಲ ಕಣಮ್ಮಾ. ಇನ್ಮೇಲೆ ಇರತ್ತೆ."

ಹಾಳೆ ಪುಸ್ತಕದ ಹೊಲಿಗೆಗೆ ಹೋಯಿತು. ಈ ಕಾಗದ ಒಯ್ಯುವ ಹೇಸರಗತ್ತೆಯವನು ಕೂಗುತ್ತಿದ್ದಾನೆ.

ನಿನ್ನ ಮಯೋರ